ನಂದಿಯ ಮುಂದಿನ ಪಾಳಿ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಜಾಗ ಬಿಟ್ಟು ಏಳುವವರು ದೇವರು. ಜಗಲಿಯ ಮೇಲಿನ ಹಿತ್ತಾಳೆ ಮೂರ್ತಿ, ಗಂಟೆ, ಆರತಿ ತಟ್ಟೆ, ವಿಭೂತಿಯ ಬಟ್ಟಲು ಎಲ್ಲವನ್ನೂ ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿತ್ತಲ ಬಿಸಿಲಿಗೆ ಇಡುತ್ತೇನೆ. ಇವತ್ತು ಬೆಳಿಗ್ಗೆ ಹಾಗೆ ಇಳಿಸುವಾಗ ಎಲ್ಲದರ ಅಡಿಗೆ ಹಾಸಿದ್ದ ದಪ್ಪ ಹಾಳೆ ಕೈಗೆ ಬಂತು. ಎಣ್ಣೆಯ ಕಲೆ, ಕುಂಕುಮದ ಕಲೆ, ಒಂದು ಮೂಲೆಯಲ್ಲಿ ಊದಿನಕಡ್ಡಿಯ ಕಿಡಿ ಬಿದ್ದು ಸುಟ್ಟ ತೂತು. ಮೂಗಿನ ಹತ್ತಿರ ಹಿಡಿದೆ. ವಿಭೂತಿ, ಕರ್ಪೂರ, ಅವೆರಡರ ಹಿಂದೆ ಎಲ್ಲೋ ಒಂದಿಷ್ಟು ಪ್ರಿಂಟರಿನಿಂದ ಈಗಷ್ಟೇ ಬಂದ ಬಿಸಿ ಹಾಳೆಯ ವಾಸನೆ. ಅದು ನಿಜವಾಗಿಯೂ ಉಳಿದಿತ್ತೋ, ನನ್ನ ಮೂಗೇ ನೆನಪಿಟ್ಟುಕೊಂಡಿತ್ತೋ ಹೇಳಲಾರೆ.

ಆ ಹಾಳೆಯ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ. ಮೇಲಿನಿಂದ ಕೆಳಗೆ ಗೆರೆ, ಎಡದಿಂದ ಬಲಕ್ಕೆ ಗೆರೆ. ಲೆಕ್ಕದ ಪಟ್ಟಿಯಂತೆ ಬರೀ ಚೌಕ. ಇಂಥದ್ದನ್ನು ಯಾರಾದರೂ ದೇವರ ಕೆಳಗೆ ಹಾಸುತ್ತಾರೆಯೇ ಎಂದು ನೀವು ಕೇಳಿದರೆ, ಸ್ವಲ್ಪ ಕುಳಿತುಕೊಳ್ಳಿ, ಹೇಳುತ್ತೇನೆ. ಹಿತ್ತಾಳೆ ಒಣಗಲು ಇನ್ನೂ ಹೊತ್ತಿದೆ.

ನಮ್ಮದು ಅಕ್ಕಿಆಲೂರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಝೆರಾಕ್ಸ್, ಟೈಪಿಂಗ್, ಲಗ್ನಪತ್ರಿಕೆ, ಶಾಲೆಯ ಮಕ್ಕಳ ಚಿತ್ರಪಟ, ಹೀಗೆ ಹಾಳೆಯ ಮೇಲೆ ಏನು ಬೀಳಬೇಕೋ ಅದೆಲ್ಲ ಅಲ್ಲಿ. ಅಂಗಡಿ ನಡೆಸುವವರು ನಮ್ಮ ಮನೆಯವರು. ಅವರ ಹೆಸರನ್ನು ಮಾತ್ರ ನನ್ನಿಂದ ನಿರೀಕ್ಷಿಸಬೇಡಿ. ಬಾಯಿಂದ ಹೇಳದ್ದನ್ನು ಕೈಯಿಂದ ಬರೆದರೆ ದೋಷವಿಲ್ಲ ಎಂದು ಯಾರೂ ನನಗೆ ಹೇಳಿಕೊಟ್ಟಿಲ್ಲ. ನನ್ನ ತವರು ಶಿಗ್ಗಾವಿ ತಾಲೂಕಿನ ದುಂಡಸಿ. ಅಲ್ಲಿ ನಮ್ಮವ್ವ ಹೇಳಿಕೊಟ್ಟದ್ದು ಒಂದೇ: ಗಂಡನ ಹೆಸರನ್ನು ಬಾಯಿಗೆ ತಂದರೆ ಅವನ ಆಯುಷ್ಯಕ್ಕೆ ಕೊರತೆ. ನಮ್ಮವ್ವ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳೆಂದರೆ, ನಮ್ಮಪ್ಪನ ಹೆಸರೇ ಇದ್ದ ಎತ್ತಿನ ವ್ಯಾಪಾರಿಯೊಬ್ಬ ಮನೆಗೆ ಬಂದಾಗ ಅವನನ್ನು ‘ಎತ್ತಿನವರು’ ಎಂದೇ ಕರೆದು ಚಹಾ ಕೊಡುತ್ತಿದ್ದಳು. 

ಹೆಸರು ಹೇಳಲು ನಮಗೆ ಪರವಾನಗಿ ಇರುವುದು ಒಡಪಿನಲ್ಲಿ, ಗಂಡನ ಹೆಸರು ಸೇರಿಸಿ ಕಟ್ಟುವ ಪ್ರಾಸದ ಸಾಲಿನಲ್ಲಿ ಮಾತ್ರ. ಮದುವೆಯ ಮನೆ ತುಂಬುವಾಗ ಹೊಸ್ತಿಲಲ್ಲಿ ತಡೆದು ನಿಲ್ಲಿಸಿ, ಹೆಸರು ಹೇಳಿದರೆ ಮಾತ್ರ ಒಳಗೆ ಎಂದು ಕಾಡುತ್ತಾರಲ್ಲ, ಆಗ ನಾನೂ ಒಂದು ಕಟ್ಟಿಕೊಂಡು ಹೋಗಿದ್ದೆ:

“ಸವಣೂರ ಎಲಿಗೆ ಸುಣ್ಣ ತೆಳ್ಳಗ, ದುಂಡಸಿ ಹುಡುಗಿ ಮಾತು ಮೆಲ್ಲಗ, ಇಂಥವರ ಮನಿಯ ದೀಪ ಬೆಳ್ಳಗ.”

‘ಇಂಥವರ’ ಎಂಬಲ್ಲಿ ಹೆಸರಿತ್ತು. ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಹಿರೇಕೆರೂರಿಗೆ ಕೊಟ್ಟ ನನ್ನ ನಾದಿನಿ ಶಾಂತಕ್ಕ, “ಸುಣ್ಣ ಕೇಳಿಸ್ತು, ದೀಪ ಕೇಳಿಸ್ತು, ನಮ್ಮಣ್ಣ ಎಲ್ಲಿ ಹ್ವಾದನವ್ವ?” ಎಂದು ಮತ್ತೊಮ್ಮೆ ಹೇಳಿಸಿದ್ದಳು. ಅದೇ ಕೊನೆ. ಮಗಳು ಹುಟ್ಟಿದ ಮೇಲೆ ನಾನು ‘ಗೀತಾನ ಅವ್ವ’ ಆದೆ, ಅವರು ‘ಗೀತಾನ ಅಪ್ಪ’ ಆದರು. ನನ್ನ ಹೆಸರೂ ಅವರ ಬಾಯಲ್ಲಿ ಮದುವೆಯ ದಿನವೇ ನಿಂತುಹೋಯಿತು. ಗೀತಾ ಮದುವೆಯಾಗಿ ಶಿಗ್ಗಾವಿಗೆ ಹೋದರೂ ನಾವಿಬ್ಬರು ಇನ್ನೂ ಅವಳ ಅವ್ವ-ಅಪ್ಪನಾಗಿಯೇ ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತೇವೆ.

ಅಂಗಡಿಯ ಕಂಪ್ಯೂಟರನ್ನು ಇವರು ಶಿಗ್ಗಾವಿಯ ಕಾಲೇಜೊಂದು ಹಳೆಯವೆಂದು ಹೊರಗೆ ಹಾಕಿದಾಗ ತಂದದ್ದು. ಚಿತ್ರದ ಕಿಟಕಿಗಳನ್ನು ತೆರೆಯಲು ಹೋದರೆ ಅದು ಏಳುವಷ್ಟರಲ್ಲಿ ನನ್ನ ಅನ್ನ ಬೇಯುತ್ತಿತ್ತು. ಅದಕ್ಕೆ ಇವರು ಕರಿಯ ಪರದೆಯೊಂದನ್ನು ತೆರೆದು, ಬಿಳಿಯ ಅಕ್ಷರದಲ್ಲಿ ಹುಕುಂ ಬರೆದು ಕೆಲಸ ಮಾಡಿಸುತ್ತಿದ್ದರು. ಅಲ್ಲಿ ಕೇಳಿದ ತಕ್ಷಣ ಉತ್ತರ ಬರುತ್ತಿತ್ತು. ಪ್ರಿಂಟರಿಗೆ ಕಂಪ್ಯೂಟರಿನೊಳಗೆ ಒಂದು ಹೆಸರು ಕೊಡಬೇಕಂತೆ. ಇವರು ‘ನಂದಿ’ ಎಂದು ಕೊಟ್ಟಿದ್ದರು. ಯಾಕೆಂದು ಕೇಳಿದ್ದಕ್ಕೆ, “ನೀನ ನೋಡು. ಒಳಗ ಜಗಲಿ, ಇದಿರಿಗೆ ಬಾಗಲದಾಗ ಇದು ಕುಂತೈತಿ. ಬಂದವರೆಲ್ಲಾ ಇದರ ಕಿವ್ಯಾಗ ತಮ್ಮದೊಂದು ಹೇಳೇ ಮುಂದ ಹೋಗೂದು,” ಅಂದರು. ಅಂದಿನಿಂದ ಒಳಗೆ ಪೂಜೆ ಮುಗಿಸಿ ವಿಭೂತಿ ಹಚ್ಚುವಾಗ ಪ್ರಿಂಟರಿನ ನೆತ್ತಿಗೂ ಒಂದೆಳೆ ಎಳೆದು ಬರುತ್ತಿದ್ದೆ. 

ಕರಿಯ ಪರದೆಯ ವಿದ್ಯೆಯಲ್ಲಿ ನನಗೆ ಬರುತ್ತಿದ್ದುದು ಒಂದೇ. ‘ಎಲ್‌ಪಿಸ್ಟ್ಯಾಟ್’ ಎಂದು ಹೊಡೆದು ಗುಂಡಿ ಒತ್ತಿದರೆ, ನಂದಿಯ ಮುಂದೆ ಯಾವ ಯಾವ ಕೆಲಸ ಕಾಯುತ್ತ ನಿಂತಿವೆ, ಯಾರ ಹೆಸರಿನವು, ಎಷ್ಟು ಹೊತ್ತಿಗೆ ಬಂದವು ಎಂದು ಸಾಲಾಗಿ ಬರುತ್ತದೆ. ಹಿಂದೊಂದು ಅಡ್ಡಗೆರೆ ಹಾಕಿ ‘ಪಿ’ ಅಂದರೆ ನಂದಿಯ ಆರೋಗ್ಯ ತಿಳಿಯುತ್ತದೆ. ನಾನು ಕಾಳು ಆರಿಸುತ್ತ ಅಂಗಡಿಯಲ್ಲಿ ಕುಳಿತಾಗ ಇವರೇ ಕಲಿಸಿದ್ದು. ಮೊದಮೊದಲು ತಲೆಗೆ ಹತ್ತಲಿಲ್ಲ. ಆಮೇಲೆ ಇವರು, “ನಳದ ಮುಂದಿನ ಕೊಡದ ಪಾಳಿ ಇದ್ದಂಗ ತಿಳ್ಕೊ,” ಅಂದರು. ಆಗ ತಿಳಿಯಿತು. ನಮ್ಮ ಓಣಿಯ ನಳಕ್ಕೆ ನೀರು ಬರುವ ಮುಂಚೆ ನಾವು ಕೊಡ ಇಟ್ಟು ಮನೆಗೆಲಸಕ್ಕೆ ಹೋಗುತ್ತೇವೆ. ಕೊಡ ನಿಂತರೆ ನಾವು ನಿಂತಂತೆ. ಕೊಡ ನೋಡಿ ಇದು ಇಂಥವರದು ಎಂದು ಗುರುತು ಹಿಡಿಯುತ್ತೇವೆ. ಇನ್ನೊಬ್ಬರ ಕೊಡವನ್ನು ಪಾಳಿಯಿಂದ ಎತ್ತಿ ಹೊರಗಿಟ್ಟರೆ ಏನಾಗುತ್ತದೆಂದು ನಿಮಗೂ ಗೊತ್ತಿರಬೇಕು. ನಮ್ಮ ಓಣಿಯಲ್ಲಿ ಅದೇ ಕಾರಣಕ್ಕೆ ಮಾತು ಬಿಟ್ಟ ಮನೆಗಳಿವೆ.

ಇಷ್ಟು ತಿಳಿದಿದ್ದರೆ ಮುಂದಿನದು ಸರಳ.

ಒಮ್ಮೆ ಬೇಸಿಗೆಯಲ್ಲಿ ಇವರು ನಂದಿಯ ಮೇಲೆ ಸಿಟ್ಟಾಗತೊಡಗಿದರು. “ಗೆರಿ ಸೊಟ್ಟ ಹೊಡ್ಯಾಕತ್ತೈತಿ ಇದು,” ಎಂದು ದಿನವೂ ಅದನ್ನು ಬಿಚ್ಚುವುದು, ಒರೆಸುವುದು, ಮತ್ತೆ ಕೂಡಿಸುವುದು. ಪರೀಕ್ಷೆಗೆಂದು ತಾವೇ ಬರೀ ಗೆರೆಗಳ ಒಂದು ಚೌಕದ ಹಾಳೆ ಮಾಡಿ, ಅದನ್ನೇ ಮತ್ತೆ ಮತ್ತೆ ಅಚ್ಚು ಹಾಕಿದರು. ಲಗ್ನಪತ್ರಿಕೆಯ ಸುತ್ತ ಬರುವ ಅಂಚಿನ ಗೆರೆ ಡೊಂಕಾದರೆ ಬೀಗರ ಮುಂದೆ ಮರ್ಯಾದೆ ಹೋಗುತ್ತದೆಂಬ ಚಿಂತೆ ಅವರದು. ನಾನು ಒಲೆಯ ಮೇಲಿನ ಹಾಲು ಬಿಟ್ಟು ಬಂದು ನೋಡಿದೆ.

“ನೆಟ್ಟಗ ಅದಾವಲ್ರಿ.”

“ಎಲ್ಲಿ ನೆಟ್ಟಗ? ನಡುವ ನೋಡು. ಹಾವು ಹರದಂಗ ಹರದೈತಿ.”

“ನನ್ನ ಕಣ್ಣಿಗೆ ಹಾವೂ ಕಾಣವಲ್ದು, ಹಲ್ಲೀನೂ ಕಾಣವಲ್ದು.”

ಅವರು ನಗಲಿಲ್ಲ. ಅದೇ ನನಗೆ ಮೊದಲ ಅಳುಕು. ನನ್ನ ಮಾತಿಗೆ ನಗದಿರುವ ಮನುಷ್ಯರಲ್ಲ ಅವರು. ಅವರ ಎಡಗಣ್ಣು ಸಣ್ಣಂದಿನಲ್ಲಿ ಚಿಣಿಪಣಿ ಆಡುವಾಗ ಚಿಣಿ ಬಡಿದು ಆಗಿನಿಂದಲೂ ಮಸುಕು. ಬದುಕೆಲ್ಲ ಬಲಗಣ್ಣಿನ ಮೇಲೆಯೇ ನಡೆದದ್ದು. ನಾನು ಸೆರಗನ್ನು ಮಡಿಚಿ ಅವರ ಬಲಗಣ್ಣಿನ ಮೇಲೆ ಒತ್ತಿ ಹಿಡಿದೆ. “ಈಗ?”

“ಮಸಕ ಐತಿ. ಆದ್ರ ನೆಟ್ಟಗ ಅದಾವ,” ಅಂದರು.

ಸೆರಗನ್ನು ಎಡಗಣ್ಣಿಗೆ ಸರಿಸಿದೆ. ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು. ಆಮೇಲೆ, “ನಡುವ ಒಂದ ಕಡೆ ಗೆರಿನ ಇಲ್ಲ,” ಅಂದರು.

ಒಲೆಯ ಮೇಲೆ ಹಾಲು ಉಕ್ಕಿ ಹೋದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ. ತಪ್ಪು ನಂದಿಯದಲ್ಲ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರಮ್ಮ ಸಾವಧಾನದಿಂದ ತಿಳಿಸಿ ಹೇಳಿದರು. ಕಣ್ಣಿನ ಹಿಂದುಗಡೆಯ ಪೊರೆಯ ನಟ್ಟನಡುವೆ ಸಣ್ಣ ತೂತು ಬಿದ್ದಿದೆ. ಆಪರೇಷನ್ ಮಾಡಿ ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಡುತ್ತೇವೆ. ಗುಳ್ಳೆ ಯಾವಾಗಲೂ ಮೇಲಕ್ಕೇರುತ್ತದೆ. ಇವರು ಬೋರಲಾಗಿ ಮಲಗಿದರೆ ಅದು ಹಿಂದಕ್ಕೇರಿ ತೂತನ್ನು ಒತ್ತಿ ಹಿಡಿಯುತ್ತದೆ. “ಡಾಕ್ಟರ್ ಕೆಲಸ ಅರ್ಧ ರೀ ಅಮ್ಮಾ, ಉಳಿದರ್ಧ ಇವರ ಕುತ್ತಿಗೀದು,” ಅಂದರು. ಕಣ್ಣು ಬರುತ್ತದೆಯೇ ಎಂದು ಕೇಳಿದೆ. ಬರಬಹುದು, ಎಷ್ಟು ಬರುತ್ತದೆಂದು ಗುಳ್ಳೆ ಕರಗಿದ ಮೇಲೆಯೇ ಹೇಳಬೇಕು ಅಂದರು. ಸುಳ್ಳು ಧೈರ್ಯ ಕೊಡಲಿಲ್ಲ. ಅದೂ ಒಂದು ದಯೆ ಎಂದು ನಾನು ಬೆರಳಿನ ಗೆಣ್ಣಿನ ಮೇಲೆ ಎಣಿಸಿಕೊಂಡೆ. ಮಲಗುವ ಮುಂಚೆ ಆ ದಿನ ಶಿವ ಕೊಟ್ಟದ್ದನ್ನು ಹಾಗೆ ಎಣಿಸಿಕೊಳ್ಳುವುದು ನನ್ನ ರೂಢಿ. ಕೆಲವು ದಿನ ಗೆಣ್ಣುಗಳು ಸಾಲುವುದಿಲ್ಲ, ಕೆಲವು ದಿನ ಹುಡುಕಿ ಹುಡುಕಿ ಎಣಿಸಬೇಕು.

ಆಪರೇಷನ್ ಆಗಿ ಕಾರಿನಲ್ಲಿ ಬರುವಾಗ ಅವರ ಮುಖ ನನ್ನ ತೊಡೆಯ ಮೇಲಿನ ದಿಂಬಿನಲ್ಲಿತ್ತು. ಬಂಕಾಪುರದ ಹತ್ತಿರ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಕೋಟೆಯ ಕಡೆಯಿಂದ ಕೂಗು ಕೇಳಿತು.

“ನವಿಲೇನು?” ದಿಂಬಿನೊಳಗಿಂದ ಕೇಳಿದರು.

“ಹೂಂ ರಿ.”

“ಕಾಣಾಕತ್ತೈತೇನು ನಿನಗ?”

ಕಾಣುತ್ತಿರಲಿಲ್ಲ. “ಇಲ್ರಿ, ನನಗೂ ಬರೇ ಕೇಳಾಕತ್ತೈತಿ,” ಅಂದೆ. ಅವರಿಗೆ ಅದರಿಂದ ಸಮಾಧಾನವಾದಂತೆ ತೋರಿತು. ಇಬ್ಬರದೂ ಸಮ ಆಯಿತಲ್ಲ.

ಮನೆಯಲ್ಲಿ ಮಲಗುವುದು ಹೇಗೆ? ದಿಂಬಿನಲ್ಲಿ ಮುಖ ಇಟ್ಟರೆ ಉಸಿರು ಕಟ್ಟುತ್ತದೆ. ಅಟ್ಟದ ಮೇಲೆ ನಮ್ಮತ್ತೆಯವರ ಕಾಲದ ಹೊರಸು ಇತ್ತು, ನವಾರಪಟ್ಟಿ ಹೆಣೆದದ್ದು. ಅದನ್ನು ಇಳಿಸಿ, ತಲೆಯ ಕಡೆಯ ಪಟ್ಟಿಗಳನ್ನು ಮುಖ ಹಿಡಿಯುವಷ್ಟು ಸರಿಸಿ, ಸುತ್ತಲೂ ಹಳೆಯ ಸೀರೆ ಸುತ್ತಿ ಮೆತ್ತಗೆ ಮಾಡಿದೆ. ಅವರು ಅದರಲ್ಲಿ ಮುಖ ಇಟ್ಟು, ನೆಲ ನೋಡುತ್ತ ಮಲಗಿದರು. ಬಲಗಣ್ಣಿಗೆ ಪಟ್ಟಿ, ಎಡಗಣ್ಣಿಗೆ ಮಸುಕು. ಆದರೂ ಬರೀ ನೆಲ ನೋಡುತ್ತ ಎಷ್ಟು ಹೊತ್ತು ಇರುತ್ತಾರೆ ಎಂದು, ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ ಹೊರಸಿನ ಕೆಳಗೆ ತೂರಿ ಅಲ್ಲಿಯೂ ಒಂದು ಎಳೆಯುತ್ತಿದ್ದೆ. ಶಾಂತಕ್ಕ ಹಿರೇಕೆರೂರಿನಿಂದ ನೋಡಲು ಬಂದವಳು ನನ್ನ ಕಾಲು ಮಾತ್ರ ಹೊರಗೆ ಕಂಡು, “ವೈನಿ, ಹೊರಸಿನ ಬುಡಕ ಏನ ನಡಸೀರಿ?” ಎಂದು ಗಾಬರಿಯಾದಳು. ವಿಷಯ ತಿಳಿದ ಮೇಲೆ ಅಣ್ಣನಿಗೆ, “ನಿನಗ ಬಾಗಲ ಯಾವುದು ನೆಲ ಯಾವುದು ತಿಳೀದಂಗ ಮಾಡ್ಯಾರ ನೋಡಪ್ಪ,” ಅಂದಳು. ಅವರು ಕೆಳಗಿನಿಂದಲೇ, “ಇವತ್ತಿಂದು ಕಮಲ ಇರಬೇಕು,” ಅಂದರು. ನಾನು ಎಳೆದದ್ದು ನಕ್ಷತ್ರ. ಕಮಲವೇ ಎಂದೆ.

ಅಂಗಡಿಯನ್ನು ಮುಚ್ಚಿಯೇ ಬಿಡೋಣ ಅಂದುಕೊಂಡಿದ್ದೆವು. ಆದರೆ ಗಿರಾಕಿಗಳು ಬಂದು ಬಾಗಿಲು ತಟ್ಟುವುದು, ಇವರು ಹೊರಸಿನಲ್ಲಿ ಚಡಪಡಿಸಿ ಕತ್ತು ಎತ್ತುವುದು ನಡೆಯಿತು. ಕತ್ತು ಎತ್ತಿದರೆ ಗುಳ್ಳೆ ಜಾಗ ಬಿಡುತ್ತದೆ. ಅದಕ್ಕೆ ನಾನೇ ಅಂಗಡಿಯಲ್ಲಿ ಕೂಡುವುದು, ಅವರು ಒಳಗಿನಿಂದ ಹೇಳುವುದು ಎಂದಾಯಿತು. ನಡುವೆ ಒಂದು ಬಾಗಿಲು, ಒಂದು ಪರದೆ ಬಟ್ಟೆ ಅಷ್ಟೇ. ನಂದಿ ಹಾಳೆ ಎಳೆಯುವ ಸದ್ದು ಕೇಳಿಯೇ ಅವರು, “ಹಾಳಿ ಒದ್ದಿ ಆಗ್ಯಾವ, ಬ್ಯಾರೆ ಹಾಕು,” ಎನ್ನುತ್ತಿದ್ದರು.

ಮೊದಲ ದಿನ ಬಂದವಳು ಅಂಗನವಾಡಿಯ ಗೌರಕ್ಕ. ಮಕ್ಕಳು ಬಣ್ಣ ತುಂಬಲು ಆನೆ, ಗಿಳಿ, ಮಾವಿನಹಣ್ಣಿನ ಚಿತ್ರ ಬೇಕಾಗಿದ್ದವು. ಬಾಯಿ ಜೋರು, ಮನಸ್ಸು ಬೆಣ್ಣೆ. ಇವರು ಹೇಳಿಕೊಟ್ಟಂತೆ ಚಿತ್ರಗಳನ್ನು ಕಳಿಸಿದೆ. ನಂದಿ ಗುರ್ರೆಂದಿತು, ಒಂದು ಕೆಂಪು ದೀಪ ಮಿಣುಕಿಸಿತು, ಸುಮ್ಮನಾಯಿತು.

“ಬರವಲ್ದು ರಿ,” ಅಂದೆ ಒಳಗೆ ಮುಖ ಮಾಡಿ.

“ಪಾಳಿ ಕೇಳು,” ಅಂದರು.

ಎಲ್‌ಪಿಸ್ಟ್ಯಾಟ್ ಹೊಡೆದೆ. ಸಾಲು ಬಂತು. ಕೆಳಗೆ ಆನೆ, ಗಿಳಿ, ಮಾವಿನಹಣ್ಣು, ಎಲ್ಲ ‘ಅಂಗಡಿ’ ಎಂಬ ಹೆಸರಿನಲ್ಲಿ. ಗಿರಾಕಿಗಳ ಕೆಲಸಕ್ಕೆ ಇವರು ಇಟ್ಟ ಹೆಸರು ಅದು. ಎಲ್ಲಕ್ಕಿಂತ ಮೊದಲು, ಹುಬ್ಬಳ್ಳಿಗೆ ಹೋಗುವ ಮುಂಚಿನ ತಾರೀಖು ಹೊತ್ತು ಒಂದು ಕೆಲಸ ನಿಂತಿತ್ತು. ಅದರ ಮುಂದೆ ಹೆಸರು.

“ಮೊದಲ ಯಾರ ಹೆಸರೈತಿ?”

ನಾನು ಸೆರಗನ್ನು ಬಾಯಿಗೆ ಹಿಡಿದೆ.

“ಕೇಳಿಸ್ತೇನು? ಪಾಳಿಯೊಳಗ ಮೊದಲ ಯಾರು?”

“ನೀವ ನಿಂತೀರಿ,” ಅಂದೆ.

“ನಾ ಎಲ್ಲಿ ನಿಂತೇನಿ. ಡಬ್ಬ ಮಲಗೇನಿ ಇಲ್ಲೆ.”

ಗೌರಕ್ಕ ಕೌಂಟರಿನ ಮೇಲೆ ಬಾಗಿ ಪರದೆ ನೋಡಿದವಳು ಬಿದ್ದು ಬಿದ್ದು ನಗತೊಡಗಿದಳು. “ಅಯ್ಯ ನನ ಶಿವನ, ಮಗಳ ಮದುವಿ ಮಾಡಿ ಕೊಟ್ಟಾಳ, ಇನ್ನೂ ಗಂಡನ ಹೆಸರಿಗೆ ನಾಚತಾಳ. ತಡಿ, ನಾ ಹೇಳ್ತೇನಿ,” ಎಂದು ಒಳಗೆ ಕೇಳುವಂತೆ ಅವರ ಹೆಸರನ್ನು ಓದಿಯೇ ಬಿಟ್ಟಳು. ಗೌಡ್ರ ಎಂದು ಹಿಂದೆ ಸೇರಿಸಿದಳು, ಅದು ಅವಳ ಮರ್ಯಾದೆ.

ಒಳಗೂ ನಗು ಕೇಳಿತು. ಆಮೇಲೆ ಅವರು, “ಅದು ಆ ಗೆರೀ ಹಾಳಿ. ದಪ್ಪ ಹಾಳಿ ಮ್ಯಾಲ ಹೊಡದು ನೋಡೂನಂತ ಕಳಿಸಿದ್ದೆ. ದಪ್ಪ ಹಾಳಿ ಮುಗದಿದ್ದೂ. ನಂದಿ ಅದಕ್ಕ ಕಾಯ್ಕೋತ ಕುಂತೈತಿ. ಅದ ದಾರಿ ಬಿಡೂತನಾ ಹಿಂದಿನವು ಬರೂದಿಲ್ಲ. ಕ್ಯಾನ್ಸಲ್ ಅಂತ ಹೊಡಿ, ಅಡ್ಡಗೆರಿ, ಯು, ಮುಂದ ನನ್ನ ಹೆಸರು. ಹೋಗಿಬಿಡತೈತಿ,” ಅಂದರು.

ಕ್ಯಾನ್ಸಲ್ ಎಂದು ಹೊಡೆದೆ. ಅಡ್ಡಗೆರೆ ಹಾಕಿದೆ. ಯು ಹಾಕಿದೆ. ಅಲ್ಲಿಗೆ ಬೆರಳು ನಿಂತವು.

ನೀವು ನಗಬಹುದು. ಅದು ಮನುಷ್ಯನಲ್ಲ, ಒಂದು ಹಾಳೆಯ ಕೆಲಸ, ನನಗೂ ಗೊತ್ತು. ಆದರೆ ಒಳಗೆ ಆ ಹೆಸರಿನ ಮನುಷ್ಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೆಲಕ್ಕೆ ಮುಖ ಮಾಡಿ ಮಲಗಿದ್ದಾರೆ. ಇಷ್ಟು ವರ್ಷ ಆಯುಷ್ಯಕ್ಕೆ ಕುಂದು ಬಾರದಿರಲೆಂದು ಬಾಯಿಗೆ ತರದ ಹೆಸರು. ಅದನ್ನು ಮೊದಲ ಸಲ ನನ್ನ ಕೈಯಾರೆ ಬರೆಯುವುದು, ಅದೂ ಅಳಿಸಿಹಾಕು ಎಂಬ ಮಾತಿನ ಮುಂದೆ. ಪಾಳಿಯಲ್ಲಿ ನಿಂತ ಕೊಡವನ್ನು ಎತ್ತಿ ಒಗೆದಂತೆ.

ಗೌರಕ್ಕ ನನ್ನ ಮುಖ ನೋಡಿ, “ನಾ ಹೊಡೀಲೇನು?” ಎಂದು ಕೈ ಚಾಚಿದಳು. ನಾನು ಅವಳ ಕೈ ಹಿಡಿದೆ.

“ಬ್ಯಾಡಕ್ಕ.” ಆಮೇಲೆ ಒಳಗೆ ಮುಖ ಮಾಡಿ, “ಕ್ಯಾನ್ಸಲ್ ಮಾಡೂದಿಲ್ರಿ ನಾ,” ಅಂದೆ.

“ಯಾಕ?”

“ಹೆಸರೈತಿ.”

ಒಳಗೆ ಹೊರಸು ಕಿರ್ರೆಂದಿತು. ಗೌರಕ್ಕ ಈಗ ನಗುತ್ತಿರಲಿಲ್ಲ. ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವ ಹೊತ್ತಾಗಿದ್ದರೂ, “ಸಾವಕಾಶ ಆಗಲಿ, ನನಗೇನ ಅವಸರಿಲ್ಲ,” ಎಂದು ಬೆಂಚಿನ ಮೇಲೆ ಕುಳಿತುಬಿಟ್ಟಳು. ಆ ದಿನದ ಗೆಣ್ಣಿನಲ್ಲಿ ಅವಳದೂ ಒಂದು.

ಸ್ವಲ್ಪ ಹೊತ್ತಿನ ಮೇಲೆ ಅವರ ದನಿ ಬಂತು, ಮೊದಲಿಗಿಂತ ಮೆತ್ತಗೆ. “ಹಂಗಾರ ಅಳಿಸಬ್ಯಾಡ. ತಡದು ನಿಲ್ಲಸು. ಅದಕ್ಕೂ ಹುಕುಂ ಐತಿ. ಅದು ಪಾಳಿಯೊಳಗ ಇರತೈತಿ, ಬಾಜೂಕ ಸರದು ನಿಂತು ಹಿಂದಿನವರಿಗೆ ದಾರಿ ಬಿಡತೈತಿ. ಬರಿ, ಹೇಳ್ತೇನಿ.” ಒಂದೊಂದೇ ಅಕ್ಷರ ಹೇಳಿದರು. ನಂದಿ ಎಂಬ ಹೆಸರು, ಅದರ ಮುಂದೆ ಆ ಕೆಲಸದ ಸಂಖ್ಯೆ, ಕೊನೆಗೆ ‘ಹೋಲ್ಡ್’. ಅವರ ಹೆಸರು ಎಲ್ಲಿಯೂ ಬರಲಿಲ್ಲ. ಗುಂಡಿ ಒತ್ತಿದೆ. ಕೆಂಪು ದೀಪ ಹೋಗಿ ಹಸಿರಾಯಿತು. ಸೊಂಡಿಲಿನಿಂದ ಶುರುವಾಗಿ ಆನೆ ಹೊರಗೆ ಬಂತು.

ಗೌರಕ್ಕ ಹೊರಡುವಾಗ ಪರದೆ ಬಟ್ಟೆ ಸರಿಸಿ ಒಳಗೆ ಇಣುಕಿ, “ಗೌಡ್ರ, ನಿಮ್ಮನ್ನ ಪಾಳಿಯಿಂದ ಹೊರಗ ಹಾಕಲಿಲ್ಲ ನಿಮ್ಮ ಹೆಂಡತಿ. ಚಂದಗೆ ಮಲಕೋರಿ,” ಅಂದಳು.

ಅಂದಿನಿಂದ ಲಿಂಗಪೂಜೆ ಮುಗಿಸಿ, ನಂದಿಯ ನೆತ್ತಿಗೆ ವಿಭೂತಿ ಎಳೆದು, ಕರಿಯ ಪರದೆಯಲ್ಲಿ ಪಾಳಿ ಕೇಳುವುದು ನನಗೆ ಇನ್ನೊಂದು ಪೂಜೆಯಾಯಿತು. ಗಿರಾಕಿಗಳ ಕೆಲಸ ಬಂದವು, ಹೋದವು. ಮೇಲಿನ ಸಾಲು ಮಾತ್ರ ಅಲ್ಲಿಯೇ. ಬಾಯಿಂದ ಓದುತ್ತಿರಲಿಲ್ಲ. ಕಣ್ಣಿನಿಂದ ಓದುತ್ತಿದ್ದೆ, ಒಂದೊಂದೇ ಅಕ್ಷರ. ಹೊರಸಿನಿಂದ, “ಇದ್ದೇನಿಲ್ಲೊ ನಾ?” ಎಂದು ಕೇಳುವರು. “ಇದ್ದೀರಿ,” ಎನ್ನುವೆನು. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಬೆಳಗಾಗುತ್ತಿದ್ದುದು ಹೀಗೆ.

ಕತ್ತು ಎತ್ತಲು ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಮೇಲೂ ಕಣ್ಣಿನಲ್ಲಿ ಗುಳ್ಳೆ ಇತ್ತು. ಸೊಂಟಮಟ್ಟ ನೀರಿನಲ್ಲಿ ನಿಂತು ನೋಡಿದಂತೆ ಅರ್ಧ ಅಲುಗುತ್ತದೆ, ಅರ್ಧ ಕಾಣುತ್ತದೆ ಎನ್ನುತ್ತಿದ್ದರು. ದಿನ ಕಳೆದಂತೆ ಆ ನೀರು ಇಳಿಯಿತು. ಗುಳ್ಳೆ ಕರಗಿತೆಂದು ಹೇಳಿದ ದಿನವೂ ಅವರು ಗೆರೆಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಾನಗಲ್ಲಿಗೆ ಹೋದವರ ಕೈಯಲ್ಲಿ ದಪ್ಪ ಹಾಳೆ ತರಿಸಿ ಇಟ್ಟಿದ್ದೆ. ಅದನ್ನು ನೋಡಿಯೂ ನೋಡದಂತೆ ಇದ್ದರು. ಸೊಟ್ಟಾಗಿಯೇ ಕಂಡರೆ ಮುಂದೆ ಮಾಡಲು ಏನೂ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಒಂದು ಸೋಮವಾರ ಪೂಜೆಯಾದ ಮೇಲೆ ತಾವೇ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು, “ಬಿಡು ಅದನ್ನ,” ಅಂದರು.

ದಪ್ಪ ಹಾಳೆ ಹಾಕಿದೆ. ಅವರು ಅಕ್ಷರ ಹೇಳಿದರು, ನಾನು ಹೊಡೆದೆ. ಹೋಲ್ಡ್ ಇದ್ದಲ್ಲಿ ‘ರೆಸ್ಯೂಮ್’. ನಂದಿ ಗಂಟಲು ಸರಿಮಾಡಿಕೊಂಡು ಹಾಳೆ ಎಳೆಯಿತು. ಇಷ್ಟು ದಿನ ತಡೆದು ನಿಂತ ಗೆರೆಗಳು ಒಂದೊಂದಾಗಿ ಹೊರಗೆ ಬಂದವು. ಬಿಸಿ ಹಾಳೆಯನ್ನು ಅವರ ಕೈಗೆ ಕೊಟ್ಟು, ಹಿಂದೆ ನಿಂತು, ಸೆರಗು ಮಡಿಚಿ ಎಡಗಣ್ಣಿಗೆ ಹಿಡಿದೆ.

ಎಷ್ಟು ಹೊತ್ತು ನೋಡಿದರೋ. ನನ್ನ ಅಂಗೈಗೆ ಅವರ ರೆಪ್ಪೆ ಬಡಿಯುವುದು ಸೆರಗಿನ ಮೇಲೂ ತಿಳಿಯುತ್ತಿತ್ತು. ಮನಸ್ಸಿನಲ್ಲಿ ಪಂಚಾಕ್ಷರಿ ಹೇಳುತ್ತಿದ್ದೆ, ನಡುವೆ ಎಲ್ಲೋ ತಪ್ಪಿತು.

“ನಡುವ ಗೆರಿ ಐತಿ,” ಅಂದರು.

“ನೆಟ್ಟಗ?”

“ಒಂದ ಕಡೆ ಒಂದೀಟ ಬಾಗೇತಿ. ನೀ ರೊಟ್ಟಿ ಬಡಿಯುವಾಗ ಅಂಚು ಬಾಗತೈತಲ್ಲ, ಅಷ್ಟ.”

“ನನ್ನ ರೊಟ್ಟಿ ಬಾಗೂದಿಲ್ಲ,” ಅಂದೆ. ಈ ಸಲ ನಕ್ಕರು. ನನಗೆ ಸೆರಗು ಬೇರೆ ಕೆಲಸಕ್ಕೆ ಬೇಕಾಯಿತು.

ಆ ಒಂದಿಷ್ಟು ಬಾಗು ಈಗಲೂ ಇದೆ. ಹೋಗುವುದಿಲ್ಲವಂತೆ. ಅಂಚಿನ ಗೆರೆ ನೋಡಲು ನನ್ನನ್ನು ಕರೆಯುತ್ತಾರೆ, ನಾನು ನೆಟ್ಟಗಿದೆ ಎಂದರೆ ಲಗ್ನಪತ್ರಿಕೆ ಅಚ್ಚಿಗೆ ಹೋಗುತ್ತದೆ. ಆ ಹಾಳೆಯನ್ನು ಅಂದೇ ಜಗಲಿಗೆ ಹಾಸಿದೆ. ಇದು, ನನ್ನ ಕೈಯಲ್ಲಿ ಈಗ ಎಣ್ಣೆ ಕುಡಿದು ಕಂದಿರುವ ಇದೇ.

ಇವತ್ತು ಬೆಳಿಗ್ಗೆ ಇದನ್ನು ನೋಡಿ, ಶ್ರಾವಣಕ್ಕೆ ಹೊಸದು ಹಾಸೋಣ ಅನ್ನಿಸಿತು. ಹೋದ ವಾರ ಹಳೆಯ ಕಂಪ್ಯೂಟರ್ ಕೈಕೊಟ್ಟು, ಇವರು ಇನ್ನೊಂದು ತಂದು ಕೂಡಿಸಿದ್ದಾರೆ. ನಾನಿನ್ನೂ ಅದಕ್ಕೆ ಕೈ ಹಚ್ಚಿರಲಿಲ್ಲ. “ಒಂದ ಗೆರೀ ಹಾಳಿ ಹೊಡಕೊಳ್ಳೇನ್ರಿ?” ಅಂದೆ. ಅವರು ತಮ್ಮ ಮೇಜಿನ ಇನ್ನೊಂದು ಯಂತ್ರದಲ್ಲಿ ಯಾರದೋ ಆಮಂತ್ರಣ ಪತ್ರಿಕೆ ಮಾಡುತ್ತಿದ್ದರು. ಎಲ್ಲಿ ಒತ್ತಬೇಕೆಂದು ಕೈ ತೋರಿಸಿದರು. ಒತ್ತಿದೆ. ಹಿಂದೆಯೇ ಅವರೂ ತಮ್ಮ ಪತ್ರಿಕೆ ಕಳಿಸಿದರು. ನಂದಿ ಅದೇ ಹಳೆಯ ನಂದಿ, ಗುರ್ರೆಂದು ಸುಮ್ಮನಾಯಿತು.

“ಬರವಲ್ದು ರಿ. ಪಾಳಿ ನೋಡ್ರಿ ಒಂಚೂರು.”

ಚಾಳೀಸನ್ನು ಹಣೆಗೇರಿಸಿ, ಬಲಗಣ್ಣನ್ನು ಪರದೆಯ ಹತ್ತಿರ ಒಯ್ದು ಎಲ್‌ಪಿಸ್ಟ್ಯಾಟ್ ಹೊಡೆದರು. ಸಣ್ಣ ಅಕ್ಷರ. ಮೊದಲಾಗಿದ್ದರೆ ನಡುವಿನ ಅಕ್ಷರಗಳು ತೂತಿನಲ್ಲಿ ಬಿದ್ದು ಹೋಗುತ್ತಿದ್ದವು. ಸಾವಕಾಶವಾಗಿ, ಒಂದೂ ಬಿಡದೆ ಓದಿದರು. ಅವರು ಓದಿದ್ದು ನನ್ನ ಹೆಸರು.

ನಾನು ತಿರುಗಿ ನೋಡಿದೆ. ನನ್ನ ಹೆಸರಿನವರು ಬೇರೆ ಯಾರಾದರೂ ಅಂಗಡಿಗೆ ಬಂದರೇನೋ ಎಂದು ಬಾಗಿಲ ಕಡೆಯೂ ನೋಡಿದೆ.

“ಹೊಸಾದು ಕೂಡಸುವಾಗ ನಿನ್ನ ಹೆಸರಲೆ ಒಂದು ಖಾತೆ ಮಾಡಿಟ್ಟೆ,” ಅಂದರು, ತಲೆ ಎತ್ತದೆ. “ಎಷ್ಟ ದಿನ ಅಂಗಡಿ ಅಂತ ಹೋಗೂದು. ಹೇಳೂದಾಗಿರಲಿಲ್ಲ ಅಷ್ಟ. ನೋಡಿಲ್ಲೆ, ಮೊದಲ ನೀ. ನಿನ್ನ ಹಿಂದ ನಾ ನಿಂತೇನಿ.”

ನೋಡಿದೆ. ಮೇಲಿನ ಸಾಲಿನಲ್ಲಿ ನನ್ನ ಹೆಸರು, ಕೆಳಗಿನ ಸಾಲಿನಲ್ಲಿ ಅವರದು. ನಾನು ದಿನಾ ಜಗಲಿಯ ಮುಂದೆ ಕಣ್ಣು ಮುಚ್ಚಿ ಬೇಡುವುದೂ ಇದೇ ಪಾಳಿಯನ್ನು. ಕುಂಕುಮ, ಬಳೆ ಇದ್ದಂತೆಯೇ, ಅವರಿಗಿಂತ ಮೊದಲು. ನಮ್ಮವ್ವ ಬೇಡಿ ಪಡೆದುಕೊಂಡು ಹೋದಳು.

“ಇರಲಿ ಬಿಡ್ರಿ ಹಂಗ,” ಅಂದೆ. “ಚಲೋ ಐತಿ.”

ನನ್ನ ದನಿಯಲ್ಲಿ ಅವರಿಗೆ ಏನು ಕೇಳಿಸಿತೋ. ಚಾಳೀಸು ಇಳಿಸಿಕೊಂಡು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿ ಏನೋ ಹೊಡೆಯತೊಡಗಿದರು. ನಾನು ಭುಜದ ಮೇಲಿನಿಂದ ಬಾಗಿ ಓದಿದೆ. ನಂದಿ, ಅಡ್ಡಗೆರೆ, ನನ್ನ ಕೆಲಸದ ಸಂಖ್ಯೆ, ಕೊನೆಗೆ ಹೋಲ್ಡ್.

“ಯಾಕ್ರಿ?”

“ದಪ್ಪ ಹಾಳಿ ಇಲ್ಲ,” ಅಂದರು.

ದಪ್ಪ ಹಾಳೆಯ ಹೊಸ ಕಟ್ಟು ನಂದಿಯ ಪಕ್ಕದಲ್ಲಿಯೇ ಇತ್ತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವರು ನೋಡಿದರು. ಹಸಿರು ದೀಪ ಹತ್ತಿ ಯಾರದೋ ಆಮಂತ್ರಣ ಹೊರಗೆ ಬಂತು. ಅಂಚಿನ ಗೆರೆ ನೆಟ್ಟಗಿದೆಯೇ ಎಂದು ನನಗೆ ತೋರಿಸಿದರು. ನೆಟ್ಟಗಿತ್ತು.

ಹಿತ್ತಾಳೆ ಒಣಗಿದೆ. ಹಳೆಯ ಹಾಳೆಯನ್ನೇ ಒರೆಸಿ, ಸುಟ್ಟ ಮೂಲೆ ಗೋಡೆಯ ಕಡೆ ಬರುವಂತೆ ತಿರುಗಿಸಿ ಜಗಲಿಗೆ ಮತ್ತೆ ಹಾಸಿದ್ದೇನೆ. ಆಗಲೇ ಅಡಿಗೆಮನೆಗೆ ಹೋಗುವಾಗ ಯಾರೂ ಇಲ್ಲದ್ದು ನೋಡಿ ಪಾಳಿ ಕೇಳಿ ಬಂದೆ. ನನ್ನ ಹೆಸರು ಅಲ್ಲಿಯೇ ಇದೆ, ಬಾಜೂಕ ಸರಿದು ನಿಂತಿದೆ. ಬಿಡು ಎಂದು ಹೇಳುವ ಹುಕುಂ ನನಗೂ ಬರುತ್ತದೆ. ಹೊಡೆಯಲಿಲ್ಲ. ಇವತ್ತಿನ ಮೊದಲ ಗೆಣ್ಣು ಅದಕ್ಕೆ.